ಶಿವಮೊಗ್ಗ ಕಡೆಯವರೇ, ಆಯಿಲ್ ಲೀಕ್ ಅಂತ ಗೇರ್ ಬಾಕ್ಸ್ ಇಳಿಸೋಕೆ ಒಪ್ಪೋ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಗೇರ್ ಬಾಕ್ಸ್ ಇಳಿಸಿದ್ದೇವೆ ಅಂತ ನನ್ನಿಂದ ದುಡ್ಡು ತೆಗೆದುಕೊಂಡರು. ಗೇರ್ ಬಾಕ್ಸ್ ಇಳಿಸಿಯೇ ಇರಲಿಲ್ಲ. ಒಂದು ಬೋಲ್ಟ್ ಕೂಡ ಮುಟ್ಟಿರಲಿಲ್ಲ. 9,400 ರೂಪಾಯಿ. ಅದಕ್ಕಿಂತ ಜಾಸ್ತಿ ಉರಿಯುವುದು ಏನು ಅಂದರೆ, ಅದೇ ಕಾರಲ್ಲಿ ನಾನು ಅಮ್ಮನ್ನ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದೆ.

ಗ್ಯಾರೇಜಿನ ಹೆಸರು ಹಾಕಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಾರಿಗೆ ಬರುವ ತನಕ ಹೆಸರು ಬೇಡ ಅಂತ ತಿಳಿದವರು ಹೇಳಿದ್ದಾರೆ. ಶಿವಮೊಗ್ಗದಲ್ಲೇ ಇದೆ, ಇಷ್ಟು ಸಾಕು.

ಕಾರು 1997ರ ಮಾರುತಿ 800. ಕಾರ್ಬ್ಯುರೇಟರ್ ಇರುವ ಹಳೇ ಮಾಡೆಲ್, ಮೂರು ಸಿಲಿಂಡರ್, 796 ಸಿಸಿ. ಅಪ್ಪಯ್ಯ ತೆಗೆದುಕೊಂಡಿದ್ದು. ಈಗ ನಾನೇ ಓಡಿಸುವುದು. 800 ತಯಾರಿ 2014ರಲ್ಲೇ ನಿಂತರೂ ಸ್ಪೇರ್ ಇವತ್ತಿಗೂ ಸಿಗುತ್ತದೆ, ತೀರ್ಥಹಳ್ಳಿ ಸುತ್ತಮುತ್ತಲಿನ ಏರಿಗೂ ಕಚ್ಚಾ ರಸ್ತೆಗೂ ಇದರಷ್ಟು ಒಗ್ಗಿದ ಗಾಡಿ ಇನ್ನೊಂದಿಲ್ಲ. ಮಾರು ಮಾರು ಅಂತ ಎಷ್ಟು ಜನ ಹೇಳಿದರೂ ಮಾರಿಲ್ಲ, ಮಾರುವುದೂ ಇಲ್ಲ.

ಮಳೆಗಾಲ ಪೂರ್ತಿ ಲೀಕ್ ಗೊತ್ತೇ ಆಗಲಿಲ್ಲ. ನಮ್ಮ ಕಡೆ ಮಳೆಯಲ್ಲಿ ಅಂಗಳದಲ್ಲಿ ಏನು ಬಿದ್ದರೂ ತೊಳೆದುಕೊಂಡು ಹೋಗುತ್ತದಲ್ಲ. ದಸರಾ ಕಳೆದು, ಅಡಿಕೆ ಹರವುವುದಕ್ಕೆ ಅಂಗಳ ಹಸನು ಮಾಡುವಾಗ ಅಮ್ಮ ಕೂಗಿದರು. ಕಾರು ನಿಲ್ಲಿಸುವ ಜಾಗದಲ್ಲಿ ಕಪ್ಪಗೆ, ಅಂಗೈ ಅಗಲದ ಕಲೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆ ಹತ್ತಿರ ಇತ್ತು. ಆರ್‌ಸಿ ನವೀಕರಣವೂ ಹತ್ತಿರ ಬಂದಿತ್ತು. 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕಲ್ವಾ. ಹಾಗಾಗಿ ಪೇಟೆಯಲ್ಲೇ ನೀಟಾಗಿ ಮಾಡಿಸೋಣ ಅಂತ ಶಿವಮೊಗ್ಗಕ್ಕೆ ತೆಗೆದುಕೊಂಡು ಹೋದೆ.

ಗ್ಯಾರೇಜ್ ನೋಡುವುದಕ್ಕೆ ಚೆನ್ನಾಗಿತ್ತು. ದೊಡ್ಡ ಶೆಡ್ಡು, ಲಿಫ್ಟ್ ಇದೆ, ಹುಡುಗರಿಗೆಲ್ಲ ಒಂದೇ ಬಣ್ಣದ ಶರ್ಟು. ಓನರ್ ಬಂದು ಬಾನೆಟ್ ಎತ್ತಿದರು, ಕೆಳಗೆ ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟರು, ಎದ್ದರು. ಎರಡು ನಿಮಿಷ ಕೂಡ ಆಗಿರಲಿಲ್ಲ.

"ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ ಮೇಡಂ. ಗೇರ್ ಬಾಕ್ಸ್ ಇಳಿಸಬೇಕು." ಇಂಜಿನ್‌ನ ಮುಖ್ಯ ಶಾಫ್ಟ್ ಗೇರ್ ಬಾಕ್ಸ್ ಕಡೆ ಹೊರಬರುವಲ್ಲಿ ಆಯಿಲ್ ತಡೆಯುವ ಸೀಲ್ ಅದು.

ಬೇರೆ ಎಲ್ಲಿಂದಲೂ ಬರುತ್ತಿರಬಹುದಲ್ವಾ, ಒಂದು ಸಲ ತೊಳೆದು ನೋಡಿ ಅಂದೆ. ನಕ್ಕರು. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಮೇಡಂ. ಗೇರ್ ಬಾಕ್ಸ್ ಜಾಯಿಂಟಲ್ಲಿ ಆಯಿಲ್ ಇದ್ರೆ ಅದು ಸೀಲೇ. ನಿಮ್ಮ ಯಜಮಾನ್ರ ನಂಬರ್ ಕೊಡಿ, ಅವರಿಗೆ ಹೇಳಿದ್ರೆ ಅರ್ಥ ಆಗುತ್ತೆ."

ನನ್ನ ಕಾರು. ದುಡ್ಡು ಕೊಡುವವಳು ನಾನು. ಅಲ್ಲಿ ಇನ್ನೂ ನಾಲ್ಕೈದು ಜನ ಗಿರಾಕಿಗಳು ಕೂತಿದ್ದರು, ಎಲ್ಲರೂ ನನ್ನ ಮುಖ ನೋಡಿದರು. ನನಗೇ ಹೇಳಿ ಅಂದೆ.

ಸಂಜೆ ಫೋನ್ ಬಂತು. ಗೇರ್ ಬಾಕ್ಸ್ ಇಳಿಸಿದ್ದೇವೆ, ಕ್ಲಚ್ ಪ್ಲೇಟ್ ಮೇಲೂ ಆಯಿಲ್ ಬಿದ್ದಿದೆ, ಹೇಗೂ ಬಿಚ್ಚಿದ್ದೇವೆ, ಈಗಲೇ ಕ್ಲಚ್ ಸೆಟ್ ಬದಲಾಯಿಸಿದರೆ ಒಂದೇ ಲೇಬರ್‌ನಲ್ಲಿ ಆಗಿಹೋಗುತ್ತದೆ ಅಂತ. ಕೇಳುವುದಕ್ಕೆ ಸರಿಯಾದ ಮಾತೇ. ಗೇರ್ ಬಾಕ್ಸ್ ಬಿಚ್ಚಿದಾಗ ಎಲ್ಲರೂ ಹಾಗೇ ಮಾಡಿಸುವುದು. ಫೋಟೋ ಕಳಿಸಿ ಅಂದೆ. "ಹುಡುಗರ ಕೈಯೆಲ್ಲ ಗ್ರೀಸು ಮೇಡಂ, ಆಮೇಲೆ ಕಳಿಸ್ತೀನಿ" ಅಂದರು. ಆ ಫೋಟೋ ಇವತ್ತಿಗೂ ಬಂದಿಲ್ಲ.

ಗಾಡಿ ತರುವುದಕ್ಕೆ ಹೋದಾಗ ಕೆಳಗೆಲ್ಲ ವಾಟರ್ ವಾಶ್ ಮಾಡಿ ಇಟ್ಟಿದ್ದರು. ಬಿಲ್ ಕೇಳಿದರೆ ಸ್ಪೇರ್ ಡಬ್ಬದ ರಟ್ಟು ಹರಿದು ಅದರ ಹಿಂದೆ ಬರೆದು ಕೊಟ್ಟರು. ಸೀಲ್, ಕ್ಲಚ್ ಸೆಟ್, ಆಯಿಲ್, ಲೇಬರ್. ಜಿಎಸ್‌ಟಿ ನಂಬರ್ ಇಲ್ಲ, ಗ್ಯಾರೇಜಿನ ಹೆಸರೂ ಇಲ್ಲ. ಸರಿಯಾದ ಬಿಲ್ ಬೇಕು ಅಂದಿದ್ದಕ್ಕೆ "ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರುತ್ತೆ, ನಿಮಗೇ ಲಾಸು" ಅಂದರು. ಹಳೇ ಸಾಮಾನು ಕೊಡಿ ಅಂದೆ. ಕ್ಲಚ್ ಪ್ಲೇಟ್ ಗುಜರಿಗೆ ಹೋಯಿತಂತೆ, ಅವತ್ತೇ. ಸೀಲ್ ಮಾತ್ರ ಪೇಪರಲ್ಲಿ ಸುತ್ತಿ ಕೊಟ್ಟರು. ಅದನ್ನು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಹಾಕಿಟ್ಟೆ. ಹಾಕಿಟ್ಟಿದ್ದು ಒಳ್ಳೆಯದಾಯಿತು.

ಅದಾದ ಮೇಲೆ ಅಮ್ಮನ್ನ ಮಣಿಪಾಲಕ್ಕೆ ತೋರಿಸುವುದಕ್ಕೆ ಕರೆದುಕೊಂಡು ಹೋಗುವುದಿತ್ತು. ಹೊಸದಾಗಿ ರಿಪೇರಿ ಆದ ಗಾಡಿ ಅಲ್ವಾ, ಧೈರ್ಯವಾಗಿ ಹೊರಟೆ. ಆಗುಂಬೆ ದಾಟಿ ಘಾಟಿ ಇಳಿಯುವಾಗ, ತಿರುವು ತೆಗೆದುಕೊಂಡ ತಕ್ಷಣ ಆಯಿಲ್ ಲೈಟ್ ಹತ್ತಿತು. ಕೆಂಪಗೆ, ಒಂದು ಕ್ಷಣ. ನೇರ ಆದಾಗ ಆರಿತು. ಮುಂದಿನ ತಿರುವಿಗೆ ಮತ್ತೆ ಹತ್ತಿತು. ಘಾಟಿ ಬಲ್ಲವರಿಗೆ ಗೊತ್ತು, ಅಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವುದಕ್ಕೆ ಆಗಲ್ಲ. ಹಿಂದೆ ಬಸ್ಸು, ಎದುರಿಂದ ಬಸ್ಸು. ಅಮ್ಮ ಏನಾಯ್ತು ಏನಾಯ್ತು ಅಂತಿದ್ದರು. ನಾನು ಏನೂ ಇಲ್ಲ ಅಂತಿದ್ದೆ. ಜಾಗ ಸಿಕ್ಕಿದ ಕಡೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದರೆ ತುದಿಯಲ್ಲಿ ಒಂದು ಹನಿ ಕೂಡ ಇಲ್ಲ. ಒಣ ಕಡ್ಡಿ.

ಈ ಇಂಜಿನ್‌ಗೆ ಹಿಡಿಸುವುದೇ ಹೆಚ್ಚುಕಮ್ಮಿ 3 ಲೀಟರ್. ಅರ್ಧ ಹೋದರೆ, ತಿರುವಲ್ಲಿ ಉಳಿದ ಆಯಿಲ್ ಎಲ್ಲ ಇಂಜಿನ್ ತಳದ ಚೇಂಬರ್‌ನ ಒಂದು ಬದಿಗೆ ಸರಿದು, ಪಂಪ್ ಗಾಳಿ ಎಳೆಯುತ್ತದೆ. ಲೈಟ್ ಹತ್ತುವುದು ಅದಕ್ಕೇ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತದೆ, ಇಂಜಿನ್ ಜಾಮ್ ಆಗುತ್ತದೆ. ಘಾಟಿಯಲ್ಲಿ. ವಯಸ್ಸಾದ ಅಮ್ಮ ಪಕ್ಕದಲ್ಲಿ. ಸೋಮೇಶ್ವರದ ಕಡೆ ಹೋಗುತ್ತಿದ್ದ ಒಬ್ಬರು ಪುಣ್ಯಾತ್ಮರು ಬೈಕಲ್ಲಿ ಹೋಗಿ ಆಯಿಲ್ ಡಬ್ಬ ತಂದುಕೊಟ್ಟರು. ಅವರಿಗೆ ಕೈ ಮುಗಿಯುತ್ತೇನೆ.

ಅಲ್ಲಿಂದಲೇ ಗ್ಯಾರೇಜಿಗೆ ಫೋನ್ ಮಾಡಿದೆ. ಉತ್ತರ ಕೇಳಿ: "ಹಳೇ ಇಂಜಿನ್ ಅಲ್ವಾ ಮೇಡಂ, ಆಯಿಲ್ ಕುಡಿಯುತ್ತೆ. ಇಂಜಿನ್ ಕೆಲಸ ಮಾಡಿಸಬೇಕು. ಬನ್ನಿ, ಒಂದು ರೇಟ್ ಮಾಡಿಕೊಡ್ತೀನಿ." ಆಯಿಲ್ ಕುಡಿಯುವ ಇಂಜಿನ್ ಆಗಿದ್ದರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರಬೇಕು. ಒಂದು ಎಳೆ ಹೊಗೆ ಇಲ್ಲ. ಗಾಡಿ ನಿಂತ ಕಡೆ ಕೆಳಗೆ ತೊಟ್ಟಿಕ್ಕುತ್ತಿದೆ. ನಾನು ಅದನ್ನು ಕಣ್ಣಾರೆ ನೋಡುತ್ತಾ ಫೋನಲ್ಲಿ ಮಾತಾಡುತ್ತಿದ್ದೇನೆ, ಅವರು ಇಂಜಿನ್ ಕುಡಿಯುತ್ತದೆ ಅಂತಿದ್ದಾರೆ!

ವಾಪಸ್ ಬಂದ ಮೇಲೆ ನಮ್ಮೂರ ಕಡೆ ಪಿಕಪ್, ಜೀಪ್ ರಿಪೇರಿ ಮಾಡುವ ಒಬ್ಬರು ಹಿರಿಯರ ಹತ್ತಿರ ಹೋದೆ. ಲಿಫ್ಟ್ ಇಲ್ಲ, ಶರ್ಟೂ ಇಲ್ಲ, ಬನಿಯನ್ ಹಾಕಿಕೊಂಡು ಕೆಲಸ ಮಾಡುತ್ತಾರೆ. ನಾನು ಮಾತು ಶುರು ಮಾಡುವ ಮೊದಲೇ "ಎಲ್ಲಿಂದ ಅಂತ ಆಮೇಲೆ ಹೇಳೋಣ, ಮೊದಲು ತೊಳೆಯೋಣ ಅಮ್ಮ" ಅಂದರು. ಇಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದು, ಡೀಸೆಲ್ ಹಾಕಿ ಬ್ರಶ್ಶಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿದರು. ಆಮೇಲೆ ಮುಖಕ್ಕೆ ಹಚ್ಚುವ ಪೌಡರ್ ಡಬ್ಬ ತಂದು ಇಂಜಿನ್ ಹಿಂಬದಿಗೆ, ಗೇರ್ ಬಾಕ್ಸ್ ಜಾಯಿಂಟ್‌ಗೆ, ಟ್ಯಾಪೆಟ್ ಕವರ್ ಅಂದರೆ ಇಂಜಿನ್ ಮೇಲಿನ ಮುಚ್ಚಳದ ಸುತ್ತ ಉದುರಿಸಿದರು. ಎಲ್ಲ ಬೆಳ್ಳಗಾಯಿತು. ಸ್ಟಾರ್ಟ್ ಮಾಡಿ ಬಿಟ್ಟರು.

ಸ್ವಲ್ಪ ಹೊತ್ತಿಗೆ ಕರೆದರು. "ನೋಡಮ್ಮ, ಆಯಿಲ್ ಯಾವಾಗಲೂ ಕೆಳಗೆ ಇಳಿಯುತ್ತೆ. ಕೆಳಗೆ ಹುಡುಕಿದ್ರೆ ಕೆಳಗೇ ಸಿಗುತ್ತೆ. ಮೇಲಿಂದ ನೋಡಬೇಕು." ಬಿಳಿ ಪೌಡರ್ ಮೇಲೆ ಸಣ್ಣದೊಂದು ಕಂದು ಗೆರೆ. ಶುರುವಾಗಿದ್ದು ಇಂಜಿನ್ ಮೇಲ್ಭಾಗದ ಹೆಡ್‌ನ ತುದಿಯಲ್ಲಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂತಿರುವ ಕಡೆ. ಮೆಕ್ಯಾನಿಕ್‌ಗಳು ಡೆಲ್ಕೋ ಅನ್ನುತ್ತಾರಲ್ಲ, ಅದೇ. ಅದರ ಬುಡದಿಂದ ಹೊರಟು ಹಾಗೇ ಇಳಿದು ನೇರವಾಗಿ ಗೇರ್ ಬಾಕ್ಸ್ ಜಾಯಿಂಟ್ ಮೇಲೆ. ನೋಡನೋಡುತ್ತಲೇ ಪೌಡರ್ ಒದ್ದೆಯಾಗುತ್ತಾ ಹೋಯಿತು. ಕಾರ್ಬ್ಯುರೇಟರ್ ಇರುವ 800ರಲ್ಲಿ ಡೆಲ್ಕೋ ಇರುವುದೇ ಗೇರ್ ಬಾಕ್ಸ್ ಕಡೆಯ ತುದಿಯಲ್ಲಿ. ಅದರ ರಬ್ಬರ್ ರಿಂಗ್ ಗಟ್ಟಿಯಾದರೆ ಆಯಿಲ್ ಹೀಗೇ ಇಳಿದು, ಕೆಳಗಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಹೋದ ಹಾಗೆ ಕಾಣುತ್ತದಂತೆ.

ಇಲ್ಲಿಯವರೆಗೆ ನಾನು, ಸರಿ, ಗ್ಯಾರೇಜಿನವರಿಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೆ. ಗೊತ್ತಾಗದೆ ಇರಬಹುದು ಯಾರಿಗಾದರೂ. ಆದರೆ ಆ ಹಿರಿಯರು ಟಾರ್ಚ್ ಹಿಡಿದು ಕೆಳಗೆ ಬಗ್ಗಿ, "ಗೇರ್ ಬಾಕ್ಸ್ ಇಳಿಸಿದಾರೆ ಅಂದ್ರಲ್ಲ, ಯಾವಾಗ?" ಅಂದರು. ಈಗ ಮೊನ್ನೆ ಅಂದೆ. ಅವರು ಏನೂ ಹೇಳದೆ ಟಾರ್ಚ್ ನನ್ನ ಕೈಗೆ ಕೊಟ್ಟರು.

ಗೇರ್ ಬಾಕ್ಸನ್ನು ಇಂಜಿನ್‌ಗೆ ಹಿಡಿದಿರುವ ಬೋಲ್ಟ್‌ಗಳು. ತಲೆಯ ಮೇಲೆ ಕೆಮ್ಮಣ್ಣು, ಆಯಿಲ್ ಸೇರಿ ಕಲ್ಲಿನ ಹಾಗೆ ಕಟ್ಟಿಕೊಂಡಿದೆ. ಬೋಲ್ಟ್ ತಲೆಗೂ ಬಾಡಿಗೂ ನಡುವಿನ ಸಂದಿಯಲ್ಲಿ ಆ ಮಣ್ಣು ಒಂದೇ ಸಮನೆ ಕೂತಿದೆ, ಒಂದು ಬಿರುಕಿಲ್ಲ. ಸ್ಪ್ಯಾನರ್ ಹಾಕಿದ ಗುರುತು ಎಲ್ಲೂ ಇಲ್ಲ. ವಾಟರ್ ವಾಶ್‌ಗೂ ಬಗ್ಗದ ವರ್ಷಗಳ ಮಣ್ಣು ಅದು. ಬಿಚ್ಚಿದ್ದರೆ ಉದುರಲೇಬೇಕಿತ್ತು.

ನನಗೆ ಮೈಯೆಲ್ಲ ಬಿಸಿಯಾಯಿತು. ಖಾನೆಯಲ್ಲಿದ್ದ ಸೀಲ್ ತಂದು ತೋರಿಸಿದೆ. ಪೇಪರ್ ಬಿಚ್ಚಿ ನೋಡಿ, "ಇದು ಹಿಂದಿನ ಸೀಲ್ ಅಲ್ಲಮ್ಮ. ಅದು ನಿಮ್ಮ ಬಳೆಗಿಂತ ದೊಡ್ಡದಿರುತ್ತೆ" ಅಂದರು. ನನ್ನ ಕೈಯಲ್ಲಿದ್ದದ್ದು ಎರಡು ಬೆರಳು ತೂರುವಷ್ಟು ಸಣ್ಣದು. ಯಾವುದೋ ಗಾಡಿಯದು, ಯಾವುದೋ ಸೀಲ್. ಅದನ್ನು ಪೇಪರಲ್ಲಿ ಸುತ್ತಿ, ಹಳೇ ಸಾಮಾನು ಮೇಡಂ ಅಂತ ನನ್ನ ಕೈಗಿಟ್ಟಿದ್ದರು. ಇವಳಿಗೇನು ಗೊತ್ತಾಗುತ್ತೆ ಅಂತ.

ಡೆಲ್ಕೋದ ಆ ರಬ್ಬರ್ ರಿಂಗ್ ಬೆಲೆ 30 ರೂಪಾಯಿ. ಡೆಲ್ಕೋ ಬಿಚ್ಚುವ ಮೊದಲು ಅದು ಕೂತಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡರು, ಟೈಮಿಂಗ್ ಆಚೀಚೆ ಆಗಬಾರದಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸಿದರು. ಬ್ರೀದರ್ ಪೈಪ್ ತೆಗೆದರೆ ಒಳಗೆ ಕಪ್ಪು ಗಸಿ ಕಟ್ಟಿತ್ತು. ಅದು ಕಟ್ಟಿಕೊಂಡರೆ ಇಂಜಿನ್ ಒಳಗಿನ ಒತ್ತಡ ಹೋಗುವುದಕ್ಕೆ ದಾರಿ ಇಲ್ಲದೆ ಆಯಿಲನ್ನು ಸೀಲ್‌ಗಳಿಂದ ಹೊರಗೆ ದಬ್ಬುತ್ತದಂತೆ. ಅದನ್ನೂ ತೊಳೆದು ಹಾಕಿದರು. ಎಲ್ಲ ಸೇರಿ 600 ರೂಪಾಯಿ, ಆಯಿಲ್ ಬೇರೆ. ಅವತ್ತಿಂದ ಅಂಗಳದಲ್ಲಿ ಒಂದು ಹನಿ ಬಿದ್ದಿಲ್ಲ.

ಬೋಲ್ಟ್‌ಗಳ ಫೋಟೋ, ಸೀಲ್ ಹಿಡಿದುಕೊಂಡು ಶಿವಮೊಗ್ಗಕ್ಕೆ ಹೋದೆ. ಒಂದೊಂದು ಉತ್ತರವನ್ನೂ ಬರೆಯುತ್ತೇನೆ, ಓದಿ. "ಹಳೇ ಬೋಲ್ಟೇ ವಾಪಸ್ ಹಾಕಿರೋದು ಮೇಡಂ, ಅದಕ್ಕೆ ತುಕ್ಕು." ತುಕ್ಕಲ್ಲ, ಮಣ್ಣು, ಬಿಚ್ಚಿದರೆ ಮಣ್ಣು ಹಾಗೇ ಇರುತ್ತಾ ಅಂದೆ. "ಮಳೆ ಬಂತಲ್ಲ, ಎರಡು ದಿನಕ್ಕೆ ಮಣ್ಣು ಹತ್ತುತ್ತೆ." ಸೀಲ್ ತೋರಿಸಿದೆ. "ಹುಡುಗ ತಪ್ಪಿ ಬೇರೆದು ಕೊಟ್ಟಿರಬೇಕು." ಯಾವ ಹುಡುಗ, ಕರೆಯಿರಿ ಅಂದೆ. "ಅವನು ಕೆಲಸ ಬಿಟ್ಟ." ಹಾಗಾದರೆ ಈಗ ನನ್ನೆದುರಿಗೇ ಲಿಫ್ಟ್ ಮೇಲೆ ಹಾಕಿ, ಹೊಸ ಕ್ಲಚ್ ಪ್ಲೇಟ್ ತೋರಿಸಿ ಅಂದೆ. "ಅದಕ್ಕೆ ಮತ್ತೆ ಲೇಬರ್ ಆಗುತ್ತೆ ಮೇಡಂ." ಕೊನೆಗೆ ದನಿ ಏರಿಸಿ, "ನಮ್ಮಲ್ಲೇ ಮಾಡಿಸಿದ್ದು ಅನ್ನೋಕೆ ಬಿಲ್ ಇದೆಯಾ ನಿಮ್ಮ ಹತ್ರ?" ಅಂದರು.

ಬಿಲ್ ಕೊಡದೆ ಇದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಆದರೆ ಫೋನ್‌ಪೇ ಮಾಡಿದ್ದೆ. ವಾಟ್ಸಾಪಲ್ಲಿ ಕ್ಲಚ್ ಸೆಟ್ ರೇಟ್ ಅವರೇ ಕಳಿಸಿದ್ದರು. ಅದು ಸಾಕ್ಷಿ ಅಲ್ವಾ? ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದ ಒಳಗಿನ ಕೇಸಿಗೆ ಫೀಸ್ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು.

ಹಳೇ ಕಾರು ಇಟ್ಟುಕೊಂಡವರೇ, ಸೀಲ್ ಹೋಗಿದೆ ಅಂತ ಯಾರೇ ಹೇಳಲಿ, ಮೊದಲು ತೊಳೆಸಿ, ಒಣಗಿಸಿ, ಮೇಲಿಂದ ನೋಡಿಸಿ. ತೊಳೆಯಲ್ಲ ಅಂದರೆ ಗಾಡಿ ವಾಪಸ್ ತನ್ನಿ. ನಿಜವಾಗಿಯೂ ಕ್ಲಚ್ ಮೇಲೆ ಆಯಿಲ್ ಬಿದ್ದಿದ್ದರೆ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಎಳೆಯಲ್ಲ. ನಮ್ಮ ಕಡೆ ಏರಿಗೆ ಬರವಿಲ್ಲ, ನೀವೇ ನೋಡಿಕೊಳ್ಳಬಹುದು. ಬಿಡುವ ಮುಂಚೆ ಗೇರ್ ಬಾಕ್ಸ್ ಬೋಲ್ಟ್‌ಗಳ ಫೋಟೋ ತೆಗೆದಿಡಿ. ಗೇರ್ ಬಾಕ್ಸ್ ಕೆಳಗಿರುವಾಗ ನೀವೇ ಹೋಗಿ ನೋಡಿ, ಹೆಂಗಸರಾದರೆ ಖಂಡಿತ ಹೋಗಿ. ಯಜಮಾನ್ರ ನಂಬರ್ ಕೇಳಿದರೆ ಅಲ್ಲೇ ಎದ್ದು ಬನ್ನಿ.

ನಿನ್ನೆ ಓನರ್ ಫೋನ್ ಮಾಡಿದ್ದರು, ದೂರು ವಾಪಸ್ ತೆಗೆದುಕೊಂಡರೆ ಅರ್ಧ ದುಡ್ಡು ಕೊಡುತ್ತೇನೆ ಅಂತ. ಮಾಡದ ಕೆಲಸಕ್ಕೆ ಅರ್ಧ ದುಡ್ಡು ಯಾಕೆ ಇಟ್ಟುಕೊಳ್ಳುತ್ತೀರಿ ಅಂತ ಕೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ. ಪೂರ್ತಿ 9,400 ಬರುವ ತನಕ ದೂರು ವಾಪಸ್ ತೆಗೆಯಲ್ಲ. ನಿಮಗೂ ಶಿವಮೊಗ್ಗದಲ್ಲಿ ಹೀಗೇ ಪೇಪರಲ್ಲಿ ಸುತ್ತಿದ ಸೀಲ್ ಯಾರಾದರೂ ಕೊಟ್ಟಿದ್ದರೆ ಎಸೆಯಬೇಡಿ, ನನಗೆ ತಿಳಿಸಿ.