‘ಫೇರ್’ ಹೋಗಿ ‘ಗ್ಲೋ’ ಬಂದ ಗುಲಾಬಿ ಟ್ಯೂಬು: ಒಳಗೆ ಏನುಂಟು, ಯಾವುದಕ್ಕೆ ಆದೀತು

ಕಾಸರಗೋಡು, ಕುಂಬಳೆ, ಉಪ್ಪಳದ ಫ್ಯಾನ್ಸಿ ಅಂಗಡಿಗಳಲ್ಲಿ ಗಿರಾಕಿಗಳು ಇವತ್ತಿಗೂ ಕೇಳುವುದು ‘ಫೇರ್ ಆಂಡ್ ಲವ್ಲಿ’. ಅಂಗಡಿಯವರು ತೆಗೆದುಕೊಡುವುದು ‘ಗ್ಲೋ ಆಂಡ್ ಲವ್ಲಿ’. 1975ರಲ್ಲಿ ಬಂದ ಈ ಕ್ರೀಮಿನ ಹೆಸರು ಬದಲಾದದ್ದು 2020ರ ಜುಲೈಯಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್ ಬಿಳಿಯ ಪೊಲೀಸನ ಮೊಣಕಾಲಿನಡಿ ಉಸಿರು ಬಿಟ್ಟರು. ವರ್ಣಭೇದದ ವಿರುದ್ಧ ಎದ್ದ ಸಿಟ್ಟು ಲೋಕವಿಡೀ ಹಬ್ಬಿ, ಬಿಳುಪು ಮಾರುವ ಕಂಪನಿಗಳ ಬಾಗಿಲಿಗೂ ಬಂತು.

ಪೆಟ್ಟಿಗೆಯ ಮೇಲಿನ ಬದಲಾವಣೆ ಮಾತ್ರ ಅದಕ್ಕೆ ಮೊದಲೇ ಶುರುವಾಗಿತ್ತು. ಕಪ್ಪು ಮುಖ, ಪಕ್ಕದಲ್ಲಿ ಅದೇ ಮುಖ ಬೆಳ್ಳಗೆ, ಜತೆಗೆ ಮೆಟ್ಟಿಲು ಮೆಟ್ಟಿಲಾಗಿ ತಿಳಿಯಾಗುವ ಬಣ್ಣದ ಪಟ್ಟಿ: ಇವನ್ನು 2019ರಲ್ಲೇ ತೆಗೆದರು. ನನ್ನ ಲೆಕ್ಕದಲ್ಲಿ ಹೆಸರು ಹೋದದ್ದಕ್ಕಿಂತ ಆ ಪಟ್ಟಿ ಹೋದದ್ದು ದೊಡ್ಡದು. ಯಾಕೆಂದರೆ ಕನ್ನಡಿಯ ಮುಂದೆ ಹಿಡಿದು ‘ನಾನು ಎಷ್ಟನೇ ಮೆಟ್ಟಿಲು’ ಎಂದು ಹುಡುಗಿಯರು ತಮ್ಮನ್ನು ಅಳೆದುಕೊಳ್ಳುತ್ತಿದ್ದದ್ದು ಅದರಿಂದಲೇ. ಹೆಸರು ತಿದ್ದಿದ್ದು ಸರಿಯೇ. ಆದರೆ ಹೆಣ್ಣು ನೋಡಿ ಬಂದವರನ್ನು ಇಲ್ಲಿ ಹವ್ಯಕದಲ್ಲಿ ‘ಕೂಸು ಬೆಳಿ ಇದ್ದೋ’ ಎಂದೂ ಮಲಯಾಳದಲ್ಲಿ ‘ವೆಳುತ್ತಿಟ್ಟಾಣೋ’ ಎಂದೂ, ಅಂದರೆ ಹುಡುಗಿ ಬೆಳ್ಳಗಿದ್ದಾಳೆಯೇ ಎಂದು, ಕೇಳುವುದು ನಿಂತಿಲ್ಲ. ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ ಅವರಿಗೇ, ನಿಮ್ಮ ಆಡಳಿತ ಕಪ್ಪು, ಅದಕ್ಕೆ ಮೊದಲು ಅದೇ ಕುರ್ಚಿಯಲ್ಲಿದ್ದ ಗಂಡನದ್ದು ಬಿಳಿ ಎಂಬ ಮಾತು ಬಂದಿತ್ತು. 2025ರ ಮಾರ್ಚ್‌ನಲ್ಲಿ ಅವರು ಅದನ್ನು ಬಹಿರಂಗವಾಗಿ ಬರೆದರು.

ಇನ್ನು ಟ್ಯೂಬಿನ ಒಳಗೆ. ಕೆಲಸ ಮಾಡುವ ಮುಖ್ಯ ವಸ್ತು ನಿಯಾಸಿನಮೈಡ್, ಅಂದರೆ ಬಿ3 ಜೀವಸತ್ವದ ಒಂದು ರೂಪ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೆಳಪದರದಲ್ಲಿ ತಯಾರಾಗಿ ಮೇಲಿನ ಕೋಶಗಳಿಗೆ ಸಾಗುವುದನ್ನು ಇದು ಸ್ವಲ್ಪ ತಡೆಯುತ್ತದೆ. ಶೇ. 4-5ರಷ್ಟು ಇರುವ ಕ್ರೀಮನ್ನು ದಿನಾ ಹಚ್ಚಿದರೆ ಬಿಸಿಲಿನ ಕಲೆ, ಮೊಡವೆ ಬಿಟ್ಟುಹೋದ ಗುರುತು ತಿಳಿಯಾಗಲು 4ರಿಂದ 8 ವಾರ ಬೇಕು. ಹಚ್ಚುವುದು ಬಿಟ್ಟರೆ ನಿಧಾನವಾಗಿ ಮೊದಲಿನಂತೆ. ಹುಟ್ಟುಬಣ್ಣವನ್ನು ಇದು ಬದಲಿಸುವುದಿಲ್ಲ. ಹಚ್ಚಿದ ಐದು ನಿಮಿಷದಲ್ಲೇ ಮುಖ ಬೆಳ್ಳಗೆ ಕಂಡರೆ ಅದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಕೆಲಸ. ಗಾಢ ಬಣ್ಣದ ಚರ್ಮದ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆ. ನಮ್ಮ ಕರಾವಳಿಯ ಬೆವರಿಗೆ ಕಿವಿಯ ಹತ್ತಿರ, ಕುತ್ತಿಗೆಯ ಗೆರೆಯಲ್ಲಿ ಬಿಳಿಬಿಳಿಯಾಗಿ ಕೂರುತ್ತದೆ.

ಬಿಸಿಲು ತಡೆಯುವ ವಸ್ತುಗಳೂ ಇದರಲ್ಲಿವೆ. ಆದರೆ ನಾವು ಹಚ್ಚುವುದು ಕಡಲೆಕಾಳಿನಷ್ಟು. ಬಿಸಿಲು ತಡೆಯುವ ಶಕ್ತಿಯನ್ನು, ಅಂದರೆ ಎಸ್‌ಪಿಎಫ್ ಅನ್ನು, ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ನೋಡುತ್ತಾರೆ; ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿದರೆ ಆ ಹದಕ್ಕೆ ಬರುತ್ತದೆ, ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಅಷ್ಟು ಹಚ್ಚುವುದಾದರೆ ಎಸ್‌ಪಿಎಫ್ 30ರ ಸಾದಾ ಸನ್‌ಸ್ಕ್ರೀನ್ ಕೊಳ್ಳಿ. ಕಲೆಗೆ ಬೇಕಿದ್ದರೆ ಶೇ. 5ರ ನಿಯಾಸಿನಮೈಡ್ ಬೇರೆಯೇ ಸಿಗುತ್ತದೆ. ಒಟ್ಟಿನಲ್ಲಿ ಇದೊಂದು ಸಾಧಾರಣ ಕ್ರೀಮು. ಚರ್ಮ ಮೆತ್ತಗಿಡಲು ಸಾಕು. ಬಣ್ಣದ ಆಸೆಗೆ ದುಡ್ಡು ಹಾಕಬೇಡಿ.

ನನಗೆ ನಿಜವಾಗಿ ಹೆದರಿಕೆ ಇರುವುದು ಈ ಟ್ಯೂಬಿನ ಬಗ್ಗೆ ಅಲ್ಲ, ‘ಇದರಲ್ಲಿ ಬೆಳ್ಳಗಾಗಲಿಲ್ಲ’ ಎಂದವರ ಕೈಗೆ ಬರುವ ವಿಳಾಸವಿಲ್ಲದ ಡಬ್ಬಿಗಳ ಬಗ್ಗೆ. ವಾರದಲ್ಲೇ ಮುಖ ಬಿಳಿಚಿದರೆ ಒಳಗೆ ಪಾದರಸವೋ ಸ್ಟೀರಾಯ್ಡೋ ಇರುವ ಸಂಭವ ಹೆಚ್ಚು. ಪಾದರಸ ಮೆಲನಿನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ, ಚರ್ಮದಿಂದ ಇಳಿದು ಮೂತ್ರಪಿಂಡಕ್ಕೆ ಸೇರುತ್ತದೆ. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು 2023ರಲ್ಲಿ ಸುದ್ದಿಯಾಯಿತು. ಆ ವರ್ಷವೇ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂದು ಅಂಗಡಿಗಳ ತಪಾಸಣೆಗೆ ಇಳಿಯಿತು. ಸ್ಟೀರಾಯ್ಡಿನದ್ದು ಬೇರೆ ಪಾಡು: ಚರ್ಮ ತೆಳ್ಳಗಾಗುತ್ತದೆ, ನಿಲ್ಲಿಸಿದ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ, ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ.

ಕೊಳ್ಳುವ ಮೊದಲು ಡಬ್ಬಿ ತಿರುಗಿಸಿ. ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆ. ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಿಯೊ ಎಂಬ ಪದ ಕಂಡರೆ ವಾಪಸು ಇಡಿ, ಇವೆಲ್ಲ ಪಾದರಸದ್ದೇ ಹೆಸರು. ‘ಚಿನ್ನ, ಬೆಳ್ಳಿ, ಅಲ್ಯುಮಿನಿಯಂಗೆ ತಾಗಿಸಬೇಡಿ’ ಎಂದು ಬರೆದಿದ್ದರೂ ಅಷ್ಟೇ, ಲೋಹವನ್ನು ಹಿಡಿಯುವುದು ಪಾದರಸದ ಗುಣ. ನಮ್ಮ ನಿಯಮದಲ್ಲಿ ಮುಖದ ಕ್ರೀಮಿಗೆ ಪಾದರಸ ಸೇರಿಸುವಂತಿಲ್ಲ. ತಾನಾಗಿ ಸೇರಿದ್ದೂ ಹತ್ತು ಲಕ್ಷಕ್ಕೆ ಒಂದು ಭಾಗ ದಾಟಬಾರದು.

ಇಂಥ ವಿಳಾಸವಿಲ್ಲದ ಕ್ರೀಮನ್ನು ಈಗಾಗಲೇ ಹಚ್ಚುತ್ತಿರುವವರು ಡಬ್ಬಿಯನ್ನೇ ಡಾಕ್ಟರ ಹತ್ತಿರ ಒಯ್ಯಿರಿ. ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು ಕಂಡರೆ ಅದೇ ದಿನ ಮೂತ್ರದ ಪ್ರೊಟೀನ್ ಪರೀಕ್ಷೆ ಮಾಡಿಸಿ. ಒಂದೇ ಬೈರಾಸು, ತಲೆದಿಂಬು ಬಳಸುವ ಮಕ್ಕಳಿಗೂ ಪಾದರಸ ತಾಗುತ್ತದೆ, ಅವರನ್ನೂ ತೋರಿಸಿ. ಡಬ್ಬಿಯನ್ನು ಒಲೆಗೆ ಹಾಕಬೇಡಿ, ಹೊಗೆಯೂ ವಿಷ. ಮುಚ್ಚಳ ಬಿಗಿದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಡಿ.