ಚರ್ಚಿಲ್ ಮಲಗಿದ್ದ ಕೋಣೆಗೆ 44,840 ರೂಪಾಯಿ

‘ಇಂಥ ದೊಡ್ಡ ಮನುಷ್ಯರು ತಂಗಿದ್ದ ಹಳೇ ಬಂಗಲೆ’ ಅನ್ನೋ ಜಾಹೀರಾತು ನೋಡಿ ಅಡ್ವಾನ್ಸ್ ಕಳಿಸೋಕೆ ಮೊಬೈಲ್ ಕೈಗೆತ್ತಿಕೊಂಡಿದ್ದೀರಾ? ಹತ್ತು ನಿಮಿಷ ತಡೆಯಿರಿ. ಮೊದಲು ಇದನ್ನು ಓದಿ.

ಹೋಟೆಲಿನ ಹೆಸರು ಬರೆಯುತ್ತಿಲ್ಲ. ಬರೆದರೆ ಆ ಒಂದು ಹೋಟೆಲಿನಿಂದ ಮಾತ್ರ ತಪ್ಪಿಸಿಕೊಳ್ಳುತ್ತೀರಿ. ಇದೇ ಆಟ ಬೇರೆ ಕಡೆಯೂ ನಡೆಯಬಹುದು. ಆಟ ಹೇಗೆ ಅಂತ ಗೊತ್ತಿದ್ದರೆ ಸಾಕು.

ಅಪ್ಪನಿಗೆ ಕಳೆದ ಮೇ ತಿಂಗಳಲ್ಲಿ ಎಪ್ಪತ್ತೈದು ತುಂಬಿತು. ಪುತ್ತೂರಿನ ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಅವರಿಗೆ ಶಾಲು, ವಾಚು ಕೊಟ್ಟರೆ ಬೀರುವಿನಲ್ಲಿ ಇಡುತ್ತಾರೆ ಅಷ್ಟೇ. ಹಾಗಾಗಿ ಊಟಿಯಲ್ಲಿ ಎರಡು ರಾತ್ರಿ, ಅದೂ ಬ್ರಿಟಿಷರ ಕಾಲದ ಬಂಗಲೆಯಲ್ಲಿ ಅಂತ ಯೋಚಿಸಿದೆ. ಹುಡುಕುವಾಗ ಸಿಕ್ಕಿದ್ದು ಇದು. ವಿನ್‌ಸ್ಟನ್ ಚರ್ಚಿಲ್ ತಂಗಿದ್ದ ಬಂಗಲೆಯಂತೆ. ‘ಚರ್ಚಿಲ್ ಸೂಟ್’ ಅಂತಲೇ ರೂಮು. ಫೋಟೋದಲ್ಲಿ ತೇಗದ ಕಂಬದ ಮಂಚ, ಸೌದೆ ಉರಿಯುತ್ತಿರುವ ಒಲೆ, ಕಾಲಿರುವ ಬಿಳಿ ಸ್ನಾನದ ತೊಟ್ಟಿ, ಗಾಜಿನ ವರಾಂಡ. ರಾತ್ರಿಗೆ 9,500.

ನನ್ನ ಹೆಂಡತಿ ಆಗಲೇ ಕೇಳಿದಳು. “ಬಂಗಾಳದಲ್ಲಿ 1943ರಲ್ಲಿ ಅಷ್ಟು ಜನ ಹಸಿವಿನಿಂದ ಸತ್ತಾಗ ಪ್ರಧಾನಿ ಆಗಿದ್ದವನು ಅಲ್ವಾ? ಆ ಮನುಷ್ಯ ಮಲಗಿದ ಮಂಚಕ್ಕೆ ನಾವ್ಯಾಕೆ ಜಾಸ್ತಿ ದುಡ್ಡು ಕೊಡಬೇಕು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಎರಡು ರೂಮು, ಎರಡು ರಾತ್ರಿ ಬುಕ್ ಮಾಡಿದೆ. ಬಾಡಿಗೆ 38,000. ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿದರೆ ಜಿಎಸ್‌ಟಿ 18 ಪರ್ಸೆಂಟ್, ಅದು 6,840. ಒಟ್ಟು 44,840. ಅರ್ಧ ಅಡ್ವಾನ್ಸ್ ಆಗಲೇ ಹಾಕಿದೆ.

ಗುಂಡ್ಲುಪೇಟೆ, ಬಂಡೀಪುರ ದಾಟಿ, ನೀಲಗಿರಿಯ ಇ-ಪಾಸ್ ತೋರಿಸಿ ಊಟಿ ತಲುಪುವಾಗ ಸಂಜೆ ಆರೂವರೆ. ಮುಂದುಗಡೆ ಬಂಗಲೆ ನಿಜಕ್ಕೂ ಚೆಂದ ಇತ್ತು. ಮರದ ನೆಲ, ಹಿತ್ತಾಳೆಯ ಹಿಡಿಕೆಗಳು, ಒಲೆಯಲ್ಲಿ ಬೆಂಕಿ. ಅಮ್ಮ ಆ ಬೆಂಕಿಯ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರು. ಸ್ವಾಗತಕ್ಕೆ ಅಂತ ಮಸಾಲೆ ಟೀ ಬಂತು. ಅಲ್ಲೇ, ಆ ಹಾಲ್‌ನಲ್ಲೇ, ಬಾಕಿ ಅರ್ಧ ದುಡ್ಡನ್ನೂ ಕಟ್ಟಿಸಿಕೊಂಡರು. ರೂಮು ನೋಡದೆ ನಾನೂ ಕಟ್ಟಿದೆ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಸಾಮಾನು ಹೊತ್ತ ಹುಡುಗ ಮೆಟ್ಟಿಲು ಹತ್ತಲಿಲ್ಲ. ಹಿಂದಿನ ಬಾಗಿಲಿನಿಂದ ಹೊರಗೆ ಹೊರಟ. ಅಡುಗೆಮನೆ, ಗ್ಯಾಸ್ ಸಿಲಿಂಡರ್ ಸಾಲು, ಬಟ್ಟೆ ಒಣಹಾಕಿದ ಹಗ್ಗ, ಅದರಾಚೆ ಹತ್ತು ಮೆಟ್ಟಿಲು ಇಳಿದರೆ ಎರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಮುಂದುಗಡೆ ಮಾತ್ರ ಒಂದು ಸಾಲು ಹೆಂಚು ಅಂಟಿಸಿದ್ದರು. ಬಾಗಿಲಿಗೊಂದು ಫಲಕ. ಒಂದು ‘ಸಲಿವನ್’, ಇನ್ನೊಂದು ‘ಮಹಾರಾಜ’, ಮತ್ತೊಂದು ‘ಚರ್ಚಿಲ್’. ಅಂದರೆ ಚರ್ಚಿಲ್ ಸೂಟ್ ಅನ್ನೋದು ಚರ್ಚಿಲ್ ಇದ್ದ ಕೋಣೆಯಲ್ಲ, ಬರೀ ಆ ಕೋಣೆಯ ಹೆಸರು. ಜಾಹೀರಾತನ್ನು ಮತ್ತೆ ತೆಗೆದು ನೋಡಿದೆ. ‘ಚರ್ಚಿಲ್ ತಂಗಿದ್ದ ಬಂಗಲೆ’ ಅಂತ ಒಂದು ಕಡೆ ಇತ್ತು, ‘ಚರ್ಚಿಲ್ ಸೂಟ್’ ಅಂತ ಇನ್ನೊಂದು ಕಡೆ. ಎರಡನ್ನೂ ಜೋಡಿಸಿಕೊಂಡಿದ್ದು ನಾನೇ. ಫೋಟೋಗಳ ಕೆಳಗೆ, ಕಣ್ಣಿಗೆ ಬೀಳದ ಹಾಗೆ, ‘ಚಿತ್ರಗಳು ಮಾದರಿಗಾಗಿ ಮಾತ್ರ’ ಅಂತಲೂ ಇತ್ತು.

ಒಳಗೆ ಪ್ಲೈವುಡ್ ಮಂಚ. ಒಲೆ ಇತ್ತು, ಆದರೆ ಅದು ಪ್ಲಾಸ್ಟಿಕ್ ಸೌದೆಯ ಹಿಂದೆ ಕಿತ್ತಳೆ ಬಣ್ಣದ ಬಲ್ಬು ಮಿಣುಕುವ ಡಬ್ಬ. ಸ್ವಿಚ್ ಹಾಕಿದರೆ ಬೆಳಕು ಬರುತ್ತಿತ್ತು, ಬಿಸಿ ಇಲ್ಲ. ತೊಟ್ಟಿಯ ಬದಲು ನೀಲಿ ಬಕೆಟ್ಟು, ಅದರಲ್ಲೊಂದು ಮಗ್ಗು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು. ಹೀಟರ್ ಬೇಕಿದ್ದರೆ ರೂಮಿಗೆ ರಾತ್ರಿಗೆ 500.

ಮಂಚದ ತಲೆಯ ಹತ್ತಿರ ಚರ್ಚಿಲ್ಲರ ದೊಡ್ಡ ಫೋಟೋ. ಬೋಳುತಲೆ, ಬೋ ಟೈ, ಬಾಯಲ್ಲಿ ಸಿಗಾರ್. ಅದು ಸ್ವಲ್ಪ ಓರೆಯಾಗಿತ್ತು. ಅಮ್ಮನಿಗೆ ಓರೆಯಾದದ್ದನ್ನು ಕಂಡರೆ ಆಗುವುದಿಲ್ಲ. ಸರಿ ಮಾಡಲು ಹೋಗಿ ಚೌಕಟ್ಟು ಎತ್ತಿದರು. ಹಿಂದೆ ಮೊರದಷ್ಟು ಅಗಲ ಕಪ್ಪು ಬೂಷ್ಟು. ಗೋಡೆ ಮುಟ್ಟಿದರೆ ಬೆರಳಿಗೆ ಒದ್ದೆ ಸುಣ್ಣ ಬರುತ್ತಿತ್ತು. “ರೀ, ಇವನನ್ನು ಇಲ್ಲಿ ಗೋಡೆ ಮುಚ್ಚೋಕೆ ನೇತುಹಾಕಿದ್ದಾರೆ” ಅಂದರು ಅಮ್ಮ.

ಮ್ಯಾನೇಜರನ್ನು ಕರೆಸಿದೆ. ಒಳ್ಳೇ ಕನ್ನಡ ಮಾತಾಡುವ ಮನುಷ್ಯ, ಒಂದು ಸಲವೂ ದನಿ ಏರಿಸಲಿಲ್ಲ. “ಸರ್, ಹೆರಿಟೇಜ್ ಪ್ರಾಪರ್ಟಿ ಅಲ್ವಾ, ಸ್ವಲ್ಪ ಹೀಗೇ ಇರುತ್ತೆ.” ನೀರು ತಣ್ಣಗಿದೆ ಅಂದರೂ ಇದೇ ಮಾತು. ಕಂಬಳಿ ವಾಸನೆ ಅಂದರೂ ಇದೇ ಮಾತು. ಹತ್ತು ವರ್ಷವೂ ಆಗಿರದ ಕಟ್ಟಡಕ್ಕೆ ನೂರು ವರ್ಷದ ನೆಪ! ಫೋಟೋದಲ್ಲಿದ್ದ ರೂಮು ಎಲ್ಲಿ ಅಂತ ಕೇಳಿದರೆ, ಅದು ಮುಂದಿನ ಬಂಗಲೆಯಲ್ಲಿದೆಯಂತೆ, ನೋಡೋಕೆ ಮಾತ್ರವಂತೆ, ಬಾಡಿಗೆಗೆ ಕೊಡುವುದಿಲ್ಲವಂತೆ.

ಹೆಸರಾಂತ ಕೋಣೆಯನ್ನು ಬಾಡಿಗೆಗೆ ಕೊಡದೆ ಇಡುವುದು ತಪ್ಪೇನಲ್ಲ. ಇಸ್ತಾನ್‌ಬುಲ್‌ನ ಪೆರಾ ಪ್ಯಾಲೇಸ್ ಹೋಟೆಲಿನಲ್ಲಿ ಟರ್ಕಿಯ ಮೊದಲ ಅಧ್ಯಕ್ಷ ಅತಾತುರ್ಕ್ ಇಳಿದುಕೊಳ್ಳುತ್ತಿದ್ದ 101ನೇ ನಂಬರಿನ ಕೋಣೆ ಈಗ ಮ್ಯೂಸಿಯಂ. ಆದರೆ ಅದು ಮ್ಯೂಸಿಯಂ ಅಂತ ಹೇಳಿಯೇ ಇಟ್ಟಿದ್ದಾರೆ. ಫೋಟೋ ಅದರದ್ದು, ಬೀಗದ ಕೈ ಇನ್ನೊಂದರದ್ದು ಅಂದರೆ ಅದಕ್ಕೆ ಬೇರೆ ಹೆಸರಿದೆ.

ಆಗಲೇ ಹೊರಟುಬಿಡಬೇಕಿತ್ತು ಅಂತ ನಿಮಗೆ ಅನಿಸಬಹುದು. ಗಂಟೆ ಏಳೂವರೆ. ಮೇ ತಿಂಗಳ ಸೀಸನ್, ಫೋನ್ ಮಾಡಿದ ಕಡೆಯೆಲ್ಲ ರೂಮಿಲ್ಲ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಎಪ್ಪತ್ತೈದರ ಅಪ್ಪನನ್ನು ಕೂರಿಸಿಕೊಂಡು ಕತ್ತಲಲ್ಲಿ ಘಾಟಿ ಇಳಿದು ಎಲ್ಲಿಗೆ ಹೋಗುವುದು? ಸೀಸನ್ನಿನಲ್ಲಿ ಸಂಜೆ ಬರುವ ಗಿರಾಕಿ ಎಲ್ಲೂ ಹೋಗಲಾರ ಅಂತ ಅವರಿಗೂ ಗೊತ್ತಿರುತ್ತದೆ. ನೀವು ಹೋಗುವುದಾದರೆ ಮಧ್ಯಾಹ್ನ ಎರಡರೊಳಗೆ ತಲುಪಿ. ಮೊದಲು ರೂಮು ನೋಡಿ, ಗೋಡೆ ಮೇಲಿನ ಫೋಟೋ ಎತ್ತಿ ನೋಡಿ, ಆಮೇಲೆ ಬಾಕಿ ಕಟ್ಟಿ.

ಮಾರನೇ ಬೆಳಿಗ್ಗೆ ತಿಂಡಿಗೆ ಮುಂದಿನ ಬಂಗಲೆಗೆ ಹೋದಾಗ ಆ ‘ನೋಡೋಕೆ ಮಾತ್ರ’ ಕೋಣೆ ಕಂಡಿತು. ಬಾಗಿಲಿಗೆ ಅಡ್ಡ ಕೆಂಪು ಹಗ್ಗ. ಪಕ್ಕದಲ್ಲಿ ಮರದ ಬೋರ್ಡು, ಅದರ ಮೇಲೆ ಬಿಳಿ ಪೇಂಟಿನಲ್ಲಿ ‘ವಿನ್‌ಸ್ಟನ್ ಚರ್ಚಿಲ್ ಇಲ್ಲಿ ತಂಗಿದ್ದರು, ಮೇ 1904’. ಅಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ಇದು ಹೇಗೆ ಸಾಧ್ಯ ಮಾರಾಯ?” ಅಂದರು.

ಆಮೇಲೆ ಇಡ್ಲಿ ತಣ್ಣಗಾಗುವವರೆಗೆ ಪಾಠ ನಡೆಯಿತು. ಚರ್ಚಿಲ್ ಬೆಂಗಳೂರಿಗೆ ಬಂದದ್ದು 1896ರಲ್ಲಿ, ನಾಲ್ಕನೇ ಹುಸ್ಸಾರ್ಸ್ ಅನ್ನೋ ಕುದುರೆ ಪಡೆಯ ಸಣ್ಣ ಅಧಿಕಾರಿಯಾಗಿ. ಆಗ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ದಂಡು ಪ್ರದೇಶದಲ್ಲಿ ಇಬ್ಬರು ಗೆಳೆಯರ ಜೊತೆ ಬಂಗಲೆ ಹಿಡಿದಿದ್ದರು. ಪೋಲೋ ಆಡುವುದು, ಗುಲಾಬಿ ಬೆಳೆಸುವುದು, ಮಧ್ಯಾಹ್ನದ ಬಿಸಿಲಲ್ಲಿ ಗಿಬ್ಬನ್ನನ ರೋಮ್ ಇತಿಹಾಸ ಓದುವುದು. 1899ರಲ್ಲಿ ಇಂಡಿಯಾ ಬಿಟ್ಟು ಹೋದ ಮೇಲೆ ಮತ್ತೆ ಈ ಕಡೆ ಕಾಲಿಡಲಿಲ್ಲ. ಬೆಂಗಳೂರು ಕ್ಲಬ್ಬಿನ ಹಳೇ ಲೆಡ್ಜರಿನಲ್ಲಿ 1899ರ ಜೂನ್ ಲೆಕ್ಕದಲ್ಲಿ, ಬಾಕಿದಾರರ ಸಾಲಿನಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿದೆ. ಬಾಕಿ 13 ರೂಪಾಯಿ.

“1904ರ ಮೇ ತಿಂಗಳಲ್ಲಿ ಆತ ಲಂಡನ್ನಿನಲ್ಲಿ ಪಕ್ಷ ಬದಲಿಸ್ತಾ ಇದ್ದ. ಮೇ 31ಕ್ಕೆ ಕನ್ಸರ್ವೇಟಿವ್ ಬಿಟ್ಟು ಲಿಬರಲ್ ಕಡೆ ಹೋಗಿ ಕೂತ. ಊಟಿಯಲ್ಲಿ ಮಲಗೋಕೆ ಪುರುಸೊತ್ತು ಎಲ್ಲಿತ್ತು?” ಅಪ್ಪ ಆಮೇಲೆ ನಮ್ಮ ರೂಮಿನ ಫೋಟೋದ ಸುದ್ದಿಗೆ ಬಂದರು. “ಇಲ್ಲಿದ್ದಾಗ ಆತ ಸಪೂರ ಹುಡುಗ. ನೀವು ಹಾಕಿರೋದು ಎರಡನೇ ಮಹಾಯುದ್ಧದ ಕಾಲದ ಅಜ್ಜ.” ಇದನ್ನು ಹೇಳಿದ್ದು ಚಟ್ನಿ ಬಡಿಸುತ್ತಿದ್ದ ಹುಡುಗನಿಗೆ. ಅವನು ಪಾಪ, ಹೂಂ ಸರ್ ಅಂದ.

ಕೋಣೆಯ ಹೊರಗೆ ಗಾಜಿನ ಚೌಕಟ್ಟಿನಲ್ಲಿ ‘ಅತಿಥಿಗಳ ರಿಜಿಸ್ಟರ್’ ಕೂಡ ಇತ್ತು. ಟೀ ಡಿಕಾಕ್ಷನ್ ಬಳಿದಂಥ ಕಂದು ಕಾಗದ. ಆರು ಜನರ ಸಹಿ. ಆರೂ ಸಹಿಯಲ್ಲಿ ‘ಎಲ್’ ಅಕ್ಷರದ ಬಾಲ ಒಂದೇ ಥರ. ಮದುವೆ ಕಾರ್ಡಿನ ಕಂಪ್ಯೂಟರ್ ಅಕ್ಷರ ಅಂತ ನನ್ನ ಹೆಂಡತಿ ನೋಡಿದ ಕೂಡಲೇ ಹೇಳಿದಳು. ಅವಳದ್ದು ಡಿಟಿಪಿ ಕೆಲಸ.

ಮೆಟ್ಟಿಲ ಹತ್ತಿರ, ಬಂಗಲೆಯಿಂದ ಇಳಿಸಿದ ಹಳೇ ಹೆಂಚು ಪೇರಿಸಿದ್ದರು. ಕರಾವಳಿಯವರಿಗೆ ಹೆಂಚು ಕಂಡರೆ ತಿರುಗಿಸಿ ಮುದ್ರೆ ನೋಡುವ ಚಟ. ಅಪ್ಪ ಒಂದನ್ನು ಎತ್ತಿ ಪಾಚಿ ಕೆರೆದರು. ‘ಕಾಮನ್‌ವೆಲ್ತ್’ ಅಂತಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಅದನ್ನು ವಶಕ್ಕೆ ತೆಗೆದುಕೊಂಡರು, ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಹಾಗಾಗಿ ಈ ಹೆಂಚು ಯುದ್ಧದ ನಂತರದ್ದು. ಬಂಗಲೆಯೇ ಆಮೇಲಿನದ್ದು ಅಂತ ಇದರಿಂದ ಹೇಳೋಕಾಗುವುದಿಲ್ಲ, ಮಾಡಿನ ಹೆಂಚು ಬದಲಿಸಿರಬಹುದು ಅಂತ ಅಪ್ಪನೇ ಹೇಳಿದರು. ಆದರೆ ಎರಡೂ ದಿನದಲ್ಲಿ ಅವರು ನಕ್ಕಿದ್ದು ಆ ಹೆಂಚು ಹಿಡಿದಾಗ ಮಾತ್ರ.

ನನಗೆ ಬೇಜಾರಾಗಿದ್ದು ಇದಕ್ಕೆ. ಊಟಿಗೆ ಸುಳ್ಳು ಇತಿಹಾಸದ ಅಗತ್ಯವೇ ಇಲ್ಲ. ಕಲೆಕ್ಟರ್ ಸಲಿವನ್ ಕಟ್ಟಿಸಿದ ಸ್ಟೋನ್ ಹೌಸ್ ಇದೆ, ಮೈಸೂರು ಮಹಾರಾಜರ ಫರ್ನ್‌ಹಿಲ್ ಅರಮನೆ ಇದೆ. ಮೆಕಾಲೆ 1834ರಲ್ಲಿ ನಿಜವಾಗಿಯೂ ಇಲ್ಲಿಗೆ ಬಂದಿದ್ದ, ಗವರ್ನರ್ ಜನರಲ್ ಬೆಂಟಿಂಕರನ್ನು ನೋಡೋಕೆ. “ಮೆಕಾಲೆ ಹೆಸರು ಹಾಕಿದ್ದರೂ ಒಪ್ಪಬಹುದಿತ್ತು. ಆದರೆ ಮೆಕಾಲೆಗೆ ಯಾರು 9,500 ಕೊಡ್ತಾರೆ?” ಅಂದರು ಅಪ್ಪ.

ಎರಡನೇ ರಾತ್ರಿ ಬೇಡ, ದುಡ್ಡು ವಾಪಸ್ ಕೊಡಿ ಅಂದೆ. ನಾನ್ ರಿಫಂಡಬಲ್ ಸರ್ ಅಂದರು. ಬೇರೆ ಕಡೆ ರೂಮೂ ಇಲ್ಲ, ಅಲ್ಲೇ ಉಳಿದೆವು. ಹೊರಡುವಾಗ ಕೊಟ್ಟ ಬಿಲ್ಲಿನಲ್ಲಿ ಹೀಟರಿನ 2,000 ಜೊತೆಗೆ ‘ಹೆರಿಟೇಜ್ ಸರ್ವಿಸ್ ಫೀ’ ಅಂತ 1,900 ಸೇರಿಸಿದ್ದರು. ಬುಕ್ ಮಾಡುವಾಗ ಇದರ ಸುದ್ದಿಯೇ ಇರಲಿಲ್ಲ. ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿಟ್ಟೂ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಅದನ್ನು ಹೇಳಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂತ ಮೊಬೈಲ್ ತೆಗೆದೆ. ಆ 1,900 ಹೊಡೆದುಹಾಕಿದರು. ಉಳಿದದ್ದೆಲ್ಲ ಹೋಯಿತು.

ಈಗ ಯಾರಾದರೂ ಇಂಥ ಕಡೆ ಹೋಗುತ್ತೇವೆ ಅಂದರೆ ನಾನು ಹೇಳುವುದು ಇಷ್ಟು. ಆ ದೊಡ್ಡ ಮನುಷ್ಯ ಯಾವ ವರ್ಷ ಬಂದಿದ್ದು ಅಂತ ಹೋಟೆಲಿನವರನ್ನೇ ಕೇಳಿ. ವರ್ಷ ಹೇಳದೆ ‘ತುಂಬಾ ಹಿಂದೆ ಸರ್’ ಅಂದರೆ ಅಲ್ಲಿಗೇ ಬಿಡಿ. ಹೇಳಿದರೆ ತಾಳೆ ನೋಡಿ, ಕಷ್ಟವೇನಿಲ್ಲ. ಗಾಂಧೀಜಿ ಕಾಯಿಲೆ ಬಿದ್ದು 1927ರಲ್ಲಿ ನಂದಿ ಬೆಟ್ಟಕ್ಕೆ ಬಂದಿದ್ದು, 1936ರಲ್ಲಿ ಮತ್ತೆ ಬಂದಿದ್ದು ಎಲ್ಲ ದಾಖಲೆಯಲ್ಲಿದೆ. ಮೈಸೂರಿನ ಲಲಿತಮಹಲನ್ನು ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಬಂದಾಗ ಇಳಿದುಕೊಳ್ಳಲಿ ಅಂತ ಕಟ್ಟಿಸಿದ್ದು, ಅಡಿಪಾಯ 1921ರಲ್ಲಿ, ಹೋಟೆಲ್ ಆಗಿದ್ದು 1974ರಲ್ಲಿ. ನಿಜವಾದ ಕಥೆಗೆ ಹೀಗೆ ಇಸವಿ ಇರುತ್ತದೆ. ಆಮೇಲೆ ವಾಟ್ಸಾಪಿನಲ್ಲಿ ಬರಹದಲ್ಲೇ ಕೇಳಿ: ನಮಗೆ ಕೊಡುವ ರೂಮು ಹಳೇ ಕಟ್ಟಡದಲ್ಲೋ ಹೊಸದರಲ್ಲೋ? ಅದೇ ರೂಮಿನ ಫೋಟೋ ಇವತ್ತು ತೆಗೆದು ಕಳಿಸಿ. ಹೆರಿಟೇಜ್ ಹೋಟೆಲ್ ಅಂತ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ದರ್ಜೆ ಕೊಡುವುದು 1950ಕ್ಕಿಂತ ಮುಂಚಿನ ಕಟ್ಟಡಗಳಿಗೆ. ಆ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ. ಬೋರ್ಡಿನ ಮೇಲೆ ಆ ಪದ ಬರೆಯೋಕೆ ಪೇಂಟು ಇದ್ದರೆ ಸಾಕು.

ಹೊರಡುವ ಮುಂಚೆ ಅಪ್ಪ ಅಭಿಪ್ರಾಯದ ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದರು, ಮೇಷ್ಟ್ರ ಅಭ್ಯಾಸ: ‘ಇಸವಿ ತಪ್ಪಾಗಿದೆ. ಚರ್ಚಿಲ್ 1899ರಲ್ಲಿಯೇ ಹಿಂದಿರುಗಿದರು. ದಯವಿಟ್ಟು ಸರಿಪಡಿಸಿ.’

ಅಕ್ಟೋಬರಿನಲ್ಲಿ ನಮ್ಮ ಆಫೀಸಿನವರೊಬ್ಬರು ಊಟಿಗೆ ಹೋಗಿದ್ದರು. ನಾನು ಎಷ್ಟು ಹೇಳಿದರೂ ಕೇಳದೆ, ಸುಮ್ನೆ ಕಾಫಿಗೆ ಅಂತ ಆ ಬಂಗಲೆಗೆ ಹೋಗಿ, ಬೋರ್ಡಿನ ಫೋಟೋ ತೆಗೆದು ಕಳಿಸಿದರು. ಸರಿಪಡಿಸಿದ್ದಾರೆ. ಹಳೇ ಅಕ್ಷರಗಳೆಲ್ಲ ಹಾಗೇ ಇವೆ, ಇಸವಿಯ ಮೇಲೆ ಮಾತ್ರ ಹೊಸ ಪೇಂಟು. ಈಗ ಅಲ್ಲಿ ‘ಮೇ 1898’ ಅಂತಿದೆ.