ಸಂಶೋಧನಾ ಆವರಣದ ಶಿಶುಪಾಲನಾ ಕೇಂದ್ರ: ಆರೈಕೆ ಉತ್ತಮ, ಪ್ರವೇಶ ಕೆಲವರಿಗಷ್ಟೇ

ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಆವರಣದಲ್ಲಿರುವ ಶಿಶುಪಾಲನಾ ಕೇಂದ್ರವನ್ನು ಕುರಿತು ಬರೆಯುತ್ತಿದ್ದೇನೆ. ಎಂಟು ತಿಂಗಳ ಕೂಸಾಗಿ ಸೇರಿದ ನನ್ನ ಮಗಳು ಶಾಲೆಗೆ ಹೋಗುವವರೆಗೂ ಹಗಲು ಕಳೆದದ್ದು ಅಲ್ಲಿಯೇ. ನಾನು ಹಣ್ಣುನೊಣಗಳ ಮೇಲೆ ಕೆಲಸ ಮಾಡುವ ಗುತ್ತಿಗೆ ಸಂಶೋಧಕಿ. ಪಿಎಚ್.ಡಿ. ಮುಗಿದು ಕಾಯಂ ಹುದ್ದೆ ಇನ್ನೂ ಸಿಗದಿರುವ, ವಿಜ್ಞಾನಿಯೊಬ್ಬರ ಮುಂದಿನ ದಾರಿ ತೀರ್ಮಾನವಾಗುವ ವರ್ಷಗಳಲ್ಲಿಯೇ ಮಗುವನ್ನೂ ಬೆಳೆಸುತ್ತಿರುವವಳು. ವಿಜ್ಞಾನದಲ್ಲಿ ಮಹಿಳೆಯರು ಹೆಚ್ಚಬೇಕೆಂಬ ಮಾತು ನಿಜವಾಗುವುದೋ ಇಲ್ಲವೋ ಎಂಬುದು ಇಂಥ ಕೇಂದ್ರದ ಬಾಗಿಲು ಯಾರಿಗೆ ಮತ್ತು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಕೇಂದ್ರವನ್ನು ಆ ದೃಷ್ಟಿಯಿಂದಲೇ ನೋಡಿದ್ದೇನೆ.

ಆರೈಕೆಯ ವಿಷಯದಲ್ಲಿ ಕೊರತೆ ಹೇಳುವಂತಿಲ್ಲ. ಪ್ರಯೋಗಾಲಯದಿಂದ ಅಲ್ಲಿಗೆ ಐದು ನಿಮಿಷದ ನಡಿಗೆ. ಹಾಲೂಡಿಸುವ ತಾಯಂದಿರಿಗೆ ಪರದೆಯಿರುವ ಪ್ರತ್ಯೇಕ ಕೋಣೆಯಿದೆ, ತೆಗೆದಿಟ್ಟ ಎದೆಹಾಲಿಗೆ ಬೇರೆಯೇ ಫ್ರಿಜ್ ಇದೆ, ಪ್ರತಿ ಬಾಟಲಿಯ ಮೇಲೂ ಮಗುವಿನ ಹೆಸರು ಮತ್ತು ಹಾಲು ತುಂಬಿಸಿದ ಹೊತ್ತನ್ನು ಬರೆದಿರುತ್ತಾರೆ. ಡಿಎನ್‌ಎಯಂಥ ಅಣುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ಗೆ ಮಾದರಿಗಳನ್ನು ತುಂಬಿ ವಿದ್ಯುತ್ ಹರಿಸಿದ ಮೇಲೆ ಸಿಗುವ ಸುಮಾರು ಒಂದು ಗಂಟೆಯಲ್ಲಿ ನಾನು ಕೇಂದ್ರಕ್ಕೆ ಹೋಗಿ, ಮಗಳಿಗೆ ಹಾಲೂಡಿಸಿ, ತೇಗು ಬರಿಸಿ ಮಲಗಿಸಿ ಮರಳಿ ಬರುವಷ್ಟರಲ್ಲಿ ಮಾದರಿ ಎಲ್ಲಿಯವರೆಗೆ ಸಾಗಿದೆ ಎಂದು ತೋರಿಸುವ ನೀಲಿ ಬಣ್ಣದ ಗೆರೆ ಜೆಲ್‌ನ ಕೆಳಗಿನ ಅಂಚನ್ನು ಸಮೀಪಿಸುತ್ತಿರುತ್ತಿತ್ತು. ಕೇಂದ್ರವು ಆವರಣದ ಹೊರಗೆ, ನಮ್ಮ ನಗರದ ವಾಹನ ದಟ್ಟಣೆಯ ಆಚೆ ಇದ್ದಿದ್ದರೆ ಆ ವರ್ಷದ ಪ್ರಯೋಗಗಳಲ್ಲಿ ಅರ್ಧದಷ್ಟೂ ನಡೆಯುತ್ತಿರಲಿಲ್ಲ.

ಊಟವೂ ಮನೆಯದರಂತೆಯೇ ಇರುತ್ತದೆ. ಬೆಳಿಗ್ಗೆ ರಾಗಿ ಸರಿ, ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೇಳೆಕಟ್ಟು ಮತ್ತು ತುಪ್ಪ, ಸಂಜೆ ಬಾಳೆಹಣ್ಣು. ಯಾವ ಮಗುವಿಗೆ ಯಾವ ಪದಾರ್ಥ ಒಗ್ಗುವುದಿಲ್ಲ ಎಂಬುದನ್ನು ಅಡುಗೆಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿದ್ದಾರೆ. ಮಕ್ಕಳು ‘ಅಜ್ಜಿ’ ಎಂದು ಕರೆಯುವ ಹಿರಿಯ ಆಯಾ ಅಳುವ ಮಗುವನ್ನು ಮೊಬೈಲ್ ತೋರಿಸಿ ಸುಮ್ಮನಾಗಿಸಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಅಲ್ಲಿನ ಆಯಾಗಳೆಲ್ಲರೂ ಏಜೆನ್ಸಿಯ ಮೂಲಕ ಬಂದ ಮಹಿಳೆಯರು, ಅವರಲ್ಲಿ ಕೆಲವರಿಗೆ ಎಳೆಯ ಮಕ್ಕಳಿದ್ದಾರೆ, ಆ ಮಕ್ಕಳಿಗೆ ಈ ಕೇಂದ್ರದಲ್ಲಿ ಪ್ರವೇಶವಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದ ರಾಜ್ಯ ನಮ್ಮದು. ವಿಜ್ಞಾನದ ಆವರಣಕ್ಕೆ ಆ ಮಟ್ಟಿನ ಔದಾರ್ಯ ಅಸಾಧ್ಯವೇನಲ್ಲ.

ನನ್ನ ಮೊದಲ ಆಕ್ಷೇಪ ವೇಳೆಯ ಬಗ್ಗೆ. ಕೇಂದ್ರ ಸಂಜೆ ಐದೂವರೆಗೆ ಮುಚ್ಚುತ್ತದೆ. ಕಚೇರಿಯ ಸಿಬ್ಬಂದಿಗೆ ಅದು ಸರಿಹೊಂದಬಹುದು, ಆದರೆ ಜೀವಿಗಳ ಮೇಲೆ ಕೆಲಸ ಮಾಡುವವರಿಗೆ ಸರಿಹೊಂದುವುದಿಲ್ಲ. ಹಣ್ಣುನೊಣಗಳ ತಳಿಸಂಕರಕ್ಕೆ ಇನ್ನೂ ಗಂಡಿನೊಡನೆ ಕೂಡದ ಹೆಣ್ಣುನೊಣಗಳೇ ಬೇಕು. 25 ಡಿಗ್ರಿ ಉಷ್ಣತೆಯಲ್ಲಿ ಅವು ಪ್ಯೂಪಾದಿಂದ (ಕೋಶದಿಂದ) ಹೊರಬಂದ ಸುಮಾರು ಎಂಟು ಗಂಟೆಗಳೊಳಗೆ ಆರಿಸಿ ಬೇರ್ಪಡಿಸದಿದ್ದರೆ ಅವನ್ನು ನಂಬುವಂತಿಲ್ಲ. ಆದ್ದರಿಂದ ಬೆಳಿಗ್ಗೆ ಒಮ್ಮೆ ಆರಿಸಿದವರು ಸಂಜೆ ಮತ್ತೊಮ್ಮೆ ಸೂಕ್ಷ್ಮದರ್ಶಕದ ಮುಂದೆ ಕೂರಲೇಬೇಕು. ಸೀಸೆಗಳನ್ನು 18 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಬೆಳವಣಿಗೆಯನ್ನು ನಿಧಾನಗೊಳಿಸುವ ಉಪಾಯವೊಂದಿದೆ, ಮಕ್ಕಳಿರುವ ನಾವೆಲ್ಲರೂ ಅದರ ಮೊರೆಹೋಗುತ್ತೇವೆ. ಆದರೆ ವಿಚಾರಗೋಷ್ಠಿಗಳಿಗೆ ಅಂಥ ಪೆಟ್ಟಿಗೆಯಿಲ್ಲ. ನಮ್ಮ ಆವರಣದಲ್ಲಿ ಹೊರಗಿನಿಂದ ಬಂದ ವಿಜ್ಞಾನಿಗಳ ಉಪನ್ಯಾಸ ಆರಂಭವಾಗುವುದು ಸಂಜೆ ನಾಲ್ಕೂವರೆಗೆ, ಪ್ರಶ್ನೋತ್ತರ ಮುಗಿದು ಚಹಾದ ಜೊತೆ ಮಾತುಕತೆ ಕಳೆಗಟ್ಟುವುದು ಕೇಂದ್ರ ಮುಚ್ಚುವ ಹೊತ್ತಿಗೆ. ಮುಂದಿನ ಯೋಜನೆಯ ಸಹಭಾಗಿಗಳು ಯಾರು, ಶಿಫಾರಸು ಪತ್ರ ಬರೆಯುವವರು ಯಾರು ಎಂಬುದು ಗೊತ್ತಾಗುವುದು ಆ ಮಾತುಕತೆಯಲ್ಲಿಯೇ. ಕೇಂದ್ರವನ್ನು ಏಳೂವರೆಯವರೆಗೆ ತೆರೆದಿಡಬೇಕು, ಇಲ್ಲವೇ ಉಪನ್ಯಾಸಗಳನ್ನು ಮಧ್ಯಾಹ್ನಕ್ಕೆ ತರಬೇಕು. ಎರಡನೆಯದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪ ಪ್ರವೇಶದ ನಿಯಮದ್ದು. ಮೊದಲ ಆದ್ಯತೆ ಕಾಯಂ ನೌಕರರ ಮಕ್ಕಳಿಗೆ, ಸ್ಥಳ ಉಳಿದರೆ ನಮ್ಮಂಥ ಗುತ್ತಿಗೆಯವರ ಮಕ್ಕಳಿಗೆ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅರ್ಜಿ ಹಾಕುವ ಅವಕಾಶವೇ ಇಲ್ಲ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕೆಂದು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ವಿಧಿಸಿತು. ಶಿಷ್ಯವೇತನ ಪಡೆಯುವ ವಿದ್ಯಾರ್ಥಿನಿ ನೌಕರಳಲ್ಲ ಎಂಬ ಕಾರಣಕ್ಕೆ ಆಕೆ ಈ ಲೆಕ್ಕದಿಂದ ಹೊರಗುಳಿಯುತ್ತಾಳೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು ಪಿಎಚ್.ಡಿ. ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶ ಕೊಟ್ಟಿವೆ, ಮಹಿಳೆಯರಿಗೆ ಪ್ರಬಂಧ ಸಲ್ಲಿಸಲು ಎರಡು ವರ್ಷಗಳ ಹೆಚ್ಚುವರಿ ಕಾಲವನ್ನೂ ಕೊಟ್ಟಿವೆ. ಒಳ್ಳೆಯ ನಿಯಮಗಳೇ. ಆದರೆ 241ನೆಯ ದಿನ ಮಗುವನ್ನು ಎಲ್ಲಿ ಬಿಡಬೇಕು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

ಇದೇ ಬೆಂಗಳೂರಿನಲ್ಲಿ 1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾಗಿ ಹೆಸರಾದ ಕಮಲಾ ಸೊಹೊನಿಯವರಿಗೆ, ಅವರು ಹೆಣ್ಣು ಎಂಬ ಕಾರಣಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ಪ್ರವೇಶ ನಿರಾಕರಿಸಲಾಗಿತ್ತು, ಆಮೇಲೆ ಷರತ್ತುಗಳ ಮೇಲೆ ಸೇರಿಸಿಕೊಳ್ಳಲಾಯಿತು. ಇಂದು ಪ್ರವೇಶದ ಹಂತದಲ್ಲಿ ಯಾರೂ ತಡೆಯುವುದಿಲ್ಲ. ಮಹಿಳೆಯರ ಸಂಖ್ಯೆ ಕುಸಿಯುವುದು ಅನಂತರ. ವಿಜ್ಞಾನ ಸಮ್ಮೇಳನಗಳಲ್ಲಿ ಮಹಿಳೆಯರ ಪ್ರಾತಿನಿಧ್ಯವನ್ನು ದಾಖಲಿಸಲು 2020ರಲ್ಲಿ ಇಬ್ಬರು ವಿಜ್ಞಾನಿಗಳು ಆರಂಭಿಸಿದ ಬಯಾಸ್‌ವಾಚ್‌ಇಂಡಿಯಾ ಕಲೆಹಾಕಿದ ಮಾಹಿತಿಯಂತೆ ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ವಿಭಾಗಗಳ ಅಧ್ಯಾಪಕರಲ್ಲಿ ಮಹಿಳೆಯರು ಶೇಕಡಾ 17ರ ಆಸುಪಾಸಿನಲ್ಲಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮೊದಲ ಮಗುವಾದ ಬಳಿಕ ಈ ಕ್ಷೇತ್ರಗಳ ಪೂರ್ಣಾವಧಿ ಕೆಲಸವನ್ನು ಬಿಟ್ಟ ತಾಯಂದಿರು ಶೇಕಡಾ 43, ತಂದೆಯರು ಶೇಕಡಾ 23. ಕಾಯಂ ಹುದ್ದೆಯವರೆಗೆ ತಲುಪಿದವರಿಗೆ ಆದ್ಯತೆ ಕೊಡುವ ಕೇಂದ್ರವು, ತಲುಪುವ ಮೊದಲೇ ಕೈಬಿಡುತ್ತಿರುವವರನ್ನು ಹೊರಗೆ ನಿಲ್ಲಿಸಿದಂತಾಗುತ್ತದೆ. ನಾನು ಕಾಯುವ ಪಟ್ಟಿಯಲ್ಲಿದ್ದು ಸ್ಥಳ ಪಡೆದೆ, ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬಳು ಸ್ಥಳ ಸಿಗದೆ ಮಗುವಿನೊಡನೆ ಊರಿಗೆ ಮರಳಿದಳು. ಅವಳ ನೊಣಗಳ ತಳಿಗಳನ್ನು ಈಗ ನಾನು ಸಾಕುತ್ತಿದ್ದೇನೆ.

ಹಣ್ಣುನೊಣದ ಭ್ರೂಣ ಬೆಳವಣಿಗೆಯ ಸಂಶೋಧನೆಗಾಗಿ 1995ರಲ್ಲಿ ನೊಬೆಲ್ ಪಡೆದ ಜರ್ಮನಿಯ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ 2004ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವು ಮಕ್ಕಳಿರುವ ಯುವ ವಿಜ್ಞಾನಿನಿಯರಿಗೆ ಮನೆಗೆಲಸ ಮತ್ತು ಮಕ್ಕಳ ಆರೈಕೆಗೆಂದೇ ಹಣ ಕೊಡುತ್ತದೆ. ಪಿಎಚ್.ಡಿ. ಮಾಡುತ್ತಿರುವವರೂ ಅದಕ್ಕೆ ಅರ್ಹರು. ಕಿರಿಯರಿಗೇ ನೆರವು ಮೊದಲು ತಲುಪಬೇಕೆಂಬ ಆ ತಿಳಿವಳಿಕೆ ನಮ್ಮ ಕೇಂದ್ರದ ನಿಯಮಾವಳಿಯಲ್ಲಿಯೂ ಬರಬೇಕು.

ಅರ್ಜಿ ನಮೂನೆಯಲ್ಲಿ ‘ತಾಯಿಯ ವಿಭಾಗ’ ಎಂಬ ಕಾಲಂ ಮಾತ್ರ ಇದೆ. ಅದೇ ಆವರಣದಲ್ಲಿ ದುಡಿಯುವ ತಂದೆಯರಿಗೆ ಅರ್ಜಿ ಹಾಕಲು ಪ್ರತ್ಯೇಕ ಪತ್ರ ಬೇಕಾಗುತ್ತದೆ. ಮಗುವಿಗೆ ಜ್ವರ ಬಂದರೆ ಕರೆ ಹೋಗುವುದೂ ತಾಯಿಗೇ. ಇಬ್ಬರ ದೂರವಾಣಿ ಸಂಖ್ಯೆಗಳನ್ನೂ ಬರೆಸಿಕೊಂಡು ಸರದಿಯಂತೆ ಕರೆ ಮಾಡಬೇಕೆಂದು ನಾವು ಕೆಲವರು ಸೇರಿ ಕೊಟ್ಟ ಮನವಿ ಇನ್ನೂ ಪರಿಶೀಲನೆಯಲ್ಲಿದೆ.

ಶುಲ್ಕ ಹೊರಗಿನ ಡೇ ಕೇರ್‌ಗಳಿಗಿಂತ ಬಹಳ ಕಡಿಮೆ, ಸ್ವಚ್ಛತೆ ಮತ್ತು ಸುರಕ್ಷತೆಯ ಬಗ್ಗೆ ಚಿಂತಿಸಬೇಕಾಗಿಲ್ಲ. ಆರೈಕೆಗೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ, ವೇಳೆಗೆ ಎರಡು, ಪ್ರವೇಶದ ನಿಯಮಕ್ಕೆ ಒಂದು. ಇಲ್ಲಿಗೆ ಬರಲಿರುವವರು ಗರ್ಭಿಣಿಯಾಗಿರುವಾಗಲೇ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ, ಗುತ್ತಿಗೆ ನವೀಕರಣದ ನಡುವಿನ ದಿನಗಳಲ್ಲಿ ಮಗುವಿನ ಸ್ಥಳ ಉಳಿಯುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.